ಡಚ್ಚಪ್ಪ ಮತ್ತು ಅಮ್ಮನ ಒಂದು ಫೋಟೋ

ಮರ್ಯಾದಸ್ಥರ ಮನೆಯಲ್ಲಿ ವರ್ಷಕ್ಕೊಂದು ಫಜೀತಿ ಆದರೆ ಹೆಚ್ಚು. ನಾನು ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಡಚ್ ಫೋಟೋಗ್ರಾಫರನ ಹತ್ತಿರ ಕೆಲಸಕ್ಕಿದ್ದ ಕಾಲದಲ್ಲಿ ನಮ್ಮನೆಯಲ್ಲಿ ವಾರಕ್ಕೊಂದು ಆಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಮ್ಮ ಯಜಮಾನರು ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಅವರ ಮುಖ ಯಾವತ್ತು ಕಾಣಿಸುತ್ತದೆ ಅನ್ನುವುದು ಆಸ್ಪತ್ರೆಯ ಡ್ಯೂಟಿ ಪಟ್ಟಿ, ಅವರ ಮಾತಲ್ಲಿ ರೋಟಾ, ಬಂದಮೇಲೇ ನನಗೆ ಗೊತ್ತಾಗುತ್ತಿತ್ತು. ಮೈಸೂರಿನಲ್ಲಿ ಇಡೀ ಬೀದಿಯ ಜೊತೆ ಹರಟಿಕೊಂಡಿದ್ದವಳಿಗೆ ಇಲ್ಲಿ ಸಿಗುತ್ತಿದ್ದವನು ಪೋಸ್ಟ್‌ಮ್ಯಾನ್ ಒಬ್ಬ. ಅವನೂ ಬಿಲ್ಲು ತುರುಕಿ ಓಡಿಬಿಡುತ್ತಿದ್ದ. ಹಾಗಾಗಿ, ಸ್ಟುಡಿಯೋ ನೋಡಿಕೊಳ್ಳಲು ಜನ ಬೇಕಾಗಿದ್ದಾರೆ ಅಂತ ಲೈಬ್ರರಿಯ ಬೋರ್ಡಿನಲ್ಲಿ ಕಂಡ ತಕ್ಷಣ ಹೋಗಿಬಿಟ್ಟೆ.

ಕೋಸು

ಸ್ಟುಡಿಯೋ ಇದ್ದದ್ದು ಒಂದು ಹಳೇ ಗುಂಡಿ ಕಾರ್ಖಾನೆಯಲ್ಲಿ. ಒಂದಾನೊಂದು ಕಾಲದಲ್ಲಿ ಊರಿಗೆಲ್ಲ ಅಂಗಿಗುಂಡಿ ಮಾಡಿಕೊಡುತ್ತಿದ್ದ ಜಾಗ. ಈಗ ಅಲ್ಲಿ ಊರಿನವರ ಗುಂಡಿ ಬಿಚ್ಚಿಸುವ ಕೆಲಸ ನಡೆಯುತ್ತಿತ್ತು.

ಫೋಟೋಗ್ರಾಫರ್ ಆರೂವರೆ ಅಡಿ ಎತ್ತರ, ಬೋಳುತಲೆ, ತೆಳ್ಳಗೆ ಬೆಳ್ಳಗೆ. ಅವನು ತೆಗೆಯುತ್ತಿದ್ದದ್ದು ವಯಸ್ಸಾದವರ, ದಪ್ಪಗಿರುವವರ, ಕನ್ನಡಿ ನೋಡಿಕೊಳ್ಳಲು ನಾಚುವವರ ಫೋಟೋ. ಮೈಮೇಲೆ ಬಟ್ಟೆ ಇಲ್ಲ, ಕೈಯಲ್ಲಿ ತರಕಾರಿಯೋ ಮೀನೋ ಇರುತ್ತಿತ್ತು, ಬೆಳಕು ಮಾತ್ರ ದೇವರಮನೆಯ ದೀಪದ ಹಾಗೆ. ಪೇಪರಿನವರು ಬೈದು ಬರೆಯುತ್ತಿದ್ದರು. ಧಿಕ್ಕಾರ ಕೂಗಲು ಬಂದವರಿಗೆ ಇವನೇ ಟೀ ಮಾಡಿ ಕೊಡುತ್ತಿದ್ದ, ಅವರಲ್ಲಿ ಇಬ್ಬರು ಮುಂದಿನ ತಿಂಗಳು ಬಂದು ಫೋಟೋಗೆ ನಿಂತರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಇಂಟರ್‌ವ್ಯೂಗೆ ಅಂತ ರೇಷ್ಮೆ ಸೀರೆ ಉಟ್ಟು ಬಾಗಿಲು ತಳ್ಳಿದರೆ, ಎದುರಿಗೆ ರಿಟೈರ್ ಆದ ಹೆಡ್‌ಮಾಸ್ಟರೊಬ್ಬರು ಒಂದು ಕೋಸು ಹಿಡಿದು ನಿಂತಿದ್ದಾರೆ. ಮೈಮೇಲಿದ್ದದ್ದು ಆ ಕೋಸೊಂದೇ. ಎಲ್ಲಿ ನೋಡಬೇಕೋ ತಿಳಿಯದೆ ನಾನು ಕೋಸನ್ನೇ ನೋಡುತ್ತಾ ನಿಂತೆ. ನೋಡಬಾರದಿದ್ದ ಜಾಗ ಅದೇ ಅಂತ ಹೊಳೆದದ್ದು ಬಸ್ಸು ಹತ್ತಿದಮೇಲೆ.

ಕೆಲಸ ನನಗೇ ಸಿಕ್ಕಿತು. "ಬಂದವರೆಲ್ಲ ಮುಖ ತಿರುಗಿಸಿದರು, ನೀನೊಬ್ಬಳೇ ನೇರವಾಗಿ ನೋಡಿದ್ದು," ಅಂದ ಫೋಟೋಗ್ರಾಫರ್. ಅವತ್ತಿನಿಂದ ನನ್ನ ಬಾಯಲ್ಲಿ ಅವನು ಡಚ್ಚಪ್ಪ.

ಹಾರಕ್ಕೆ ಅಡ್ವಾನ್ಸ್

ಎಂಥಾ ಬಿಗುಮಾನದವರೂ ಅವನ ಮುಂದೆ ಅರ್ಧ ಗಂಟೆಯಲ್ಲಿ ಕರಗುತ್ತಿದ್ದರು. ಅದನ್ನು ದಿನಾ ನೋಡಿ ನೋಡಿ ನನಗೊಂದು ಆಸೆ ಹುಟ್ಟಿತು. ಇವನ ಕೈಯಲ್ಲಿ ನಮ್ಮಮ್ಮನ ಒಂದು ಫೋಟೋ ತೆಗೆಸಬೇಕು. ಬಟ್ಟೆ ಸಮೇತ, ಅದು ಬೇರೆ ಹೇಳಬೇಕಾಗಿಲ್ಲ.

ಯಾಕೆಂದರೆ ನನ್ನ ಹತ್ತಿರ ಅಮ್ಮನ ಫೋಟೋ ಇರಲಿಲ್ಲ. ನನ್ನ ಮದುವೆ ಆಲ್ಬಮ್ಮಿನಲ್ಲಿ ಅವಳ ಬೆನ್ನಿದೆ, ಬಡಿಸುವ ಕೈಯಿದೆ, ಒಂದರಲ್ಲಿ ಬರೀ ಸೆರಗಿದೆ. ಕ್ಯಾಮೆರಾ ಕಂಡರೆ ಬೆಕ್ಕಿನ ಹಾಗೆ ಮಾಯ. ಕೇಳಿದರೆ, "ನಮ್ಮಮ್ಮ ಫೋಟೋ ತೆಗೆಸ್ಕೊಂಡ್ಲು, ಆ ವರ್ಷವೇ ಹೋದ್ಲು. ನಿಮ್ಮಪ್ಪ ತೆಗೆಸ್ಕೊಂಡ್ರು, ನೋಡು, ಗೋಡೆ ಮೇಲಿದಾರೆ. ಫೋಟೋ ಅಂದ್ರೆ ಹಾರಕ್ಕೆ ಅಡ್ವಾನ್ಸ್ ಕೊಟ್ಟಂಗೆ ಕಣೇ," ಅನ್ನುತ್ತಿದ್ದಳು.

ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ಚಳಿಗಾಲದಲ್ಲಿ ಅಮ್ಮನಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ. ಫೋನಿನಲ್ಲಿ ದನಿ ಸಿಗುತ್ತಿತ್ತು, ಮುಖ ಸಿಗುತ್ತಿರಲಿಲ್ಲ. ನಗುವಾಗ ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತೋ ಬಲಗೆನ್ನೆಯಲ್ಲೋ ಅಂತ ಒಂದು ದಿನ ಅನುಮಾನ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಅಮ್ಮನನ್ನೇ ಇಲ್ಲಿಗೆ ಕರೆಸಲು ಹೊರಟೆ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಫೋಟೋ ಬೇಕಲ್ಲ, ಆಗೇನು ಮಾಡುತ್ತಾಳೆ ಅಂತ ಕಾದೆ. ತೆಗೆಸಿದಳು. "ಅದು ಸರ್ಕಾರಕ್ಕೆ, ಲೆಕ್ಕಕ್ಕಿಲ್ಲ," ಅಂದಳು. ಆ ಫೋಟೋದಲ್ಲಿದ್ದದ್ದು ಅಮ್ಮ ಅಲ್ಲ, ಪಕ್ಕದ ಮನೆಯ ಹಾಲು ಕದ್ದು ಸಿಕ್ಕಿಬಿದ್ದ ಯಾರೋ ಹೆಂಗಸು. ಏರ್‌ಪೋರ್ಟಿನ ಆಫೀಸರು ಫೋಟೋ ನೋಡಿ, ಅಮ್ಮನ್ನ ನೋಡಿ, "ಅಷ್ಟೊಂದು ಹೆದರಬೇಡಿ, ಒಳಗೆ ಬಿಡ್ತೀವಿ," ಅಂದನಂತೆ.

ಸತ್ತಮೇಲೆ ಕೇಳಿದ ಹೊಗಳಿಕೆ

ಅಮ್ಮ ಬರುವ ಮುಂಚೆ ಇನ್ನೊಂದು ನಡೆಯಿತು, ಅದನ್ನು ಹೇಳದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ.

ನಾನು ಫೋಟೋ ಸ್ಟುಡಿಯೋದಲ್ಲಿದ್ದೇನೆ ಅಂತ ಮಾತ್ರ ನಮ್ಮ ಕನ್ನಡದವರಿಗೆಲ್ಲ ಯಜಮಾನರು ಹೇಳಿದ್ದರು. ಎಂಥಾ ಫೋಟೋ ಅಂತ ಹೇಳಿರಲಿಲ್ಲ. ಪಕ್ಕದೂರು ಸೊಲಿಹಲ್ಲಿನಲ್ಲಿದ್ದ ಧಾರವಾಡದ ಎಂಜಿನಿಯರ್ ಹುಡುಗನೊಬ್ಬ ಹೆಣ್ಣಿನ ಮನೆಗೆ ಕಳಿಸಲು ಫೋಟೋ ಬೇಕು ಅಂತ ಕೋಟು ಹಾಕಿಕೊಂಡು ಬಂದ. ಡಚ್ಚಪ್ಪ ಅವನನ್ನು ಮಾತಿಗೆಳೆದ. ಸ್ವಲ್ಪ ಹೊತ್ತಿಗೆ ಕೋಟು ಹೋಯಿತು, ಶರಟು ಹೋಯಿತು, ಈರುಳ್ಳಿಯನ್ನೂ ಮುಟ್ಟದ ಮನೆತನದ ಹುಡುಗನ ತೋಳಿನಲ್ಲಿ ಮಗುವಿನಷ್ಟು ದೊಡ್ಡ ಮೀನು ಬಂದು ಮಲಗಿತು. ಪ್ಯಾಂಟು ಉಳಿಸಿದ್ದು ನಾನು.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ಹುಡುಗ ಮೋಹಗೊಂಡು ಅದನ್ನೇ ಮಂಗಳೂರಿನ ಹೆಣ್ಣಿನ ಮನೆಗೆ ಕಳಿಸಿದ. ತಲುಪಿದ ದಿನವೇ ಫೋನು. "ಹುಡುಗ ಹೇಗಿದ್ರೂ ಅಡ್ಡಿಯಿಲ್ಲ, ಮೀನು ಹಿಡಿದ ಕ್ರಮ ನೋಡಿಯೇ ನಾವು ಒಪ್ಪಿದೆವು," ಅಂದರಂತೆ ಹುಡುಗಿಯ ತಂದೆ.

ಅದೇ ಫೋಟೋ ಆಳೆತ್ತರಕ್ಕೆ ಬೆಳೆದು ಪ್ರದರ್ಶನಕ್ಕೆ ಹೋಯಿತು. ಆ ವಾರ ನಾನು ಜ್ವರ ಬಂದು ಮಲಗಿದ್ದೆ. ನಮ್ಮ ಹಾಲಿನಲ್ಲಿ ಅಪ್ಪನ ಫೋಟೋಗೆ ಗಂಧದ ಹಾರ ಹಾಕಿದ್ದನ್ನು ಡಚ್ಚಪ್ಪ ಹಿಂದೊಮ್ಮೆ ನೋಡಿದ್ದ. ಗೌರವ ಅಂದರೆ ಇದು ಅಂದುಕೊಂಡು, ಚೆಂಡುಹೂವಿನ ಹಾರ ತಂದು ಹುಡುಗನ ಫೋಟೋಗೆ ಹಾಕಿಬಿಟ್ಟ. ನಮ್ಮವರೊಬ್ಬರು ಅದನ್ನು ಕಂಡರು. ಸಾಯಂಕಾಲದ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸ್‌ವರೆಗೆ ಸುದ್ದಿ ಹಬ್ಬಿತ್ತು. ಪಾಪ, ಮದುವೆ ಗೊತ್ತಾಗಿತ್ತಂತೆ, ಏನೋ ನೀರಲ್ಲಿ ಆದ ಅನಾಹುತವಂತೆ, ಅದಕ್ಕೇ ಮೀನು.

ನಾಲ್ಕು ಜನ ಅವನ ಮನೆಗೆ ಹೋಗಿ ಬೆಲ್ ಮಾಡಿದರು. ಅವನೇ ಬಾಗಿಲು ತೆಗೆದ. ಅವನನ್ನು ಒಂದೆರಡು ಸಲ ಮಾತ್ರ ನೋಡಿದ್ದ ಅವರು ಸತ್ತವನ ತಮ್ಮ ಇರಬೇಕು ಅಂದುಕೊಂಡು ಕೈಹಿಡಿದು ಕೂರಿಸಿ, "ನಿಮ್ಮಣ್ಣನಂಥ ಮನುಷ್ಯ ಇನ್ನು ಹುಟ್ಟೋಲ್ಲ," ಅಂತ ಶುರುಮಾಡಿದರು. ಕಾಫಿಯೂ ಕುಡಿಯಲಿಲ್ಲ. ಸಾವಿನ ಮನೆಯ ಪದ್ಧತಿಯಂತೆ, ಬರ್ತೀವಿ ಅಂತ ಹೇಳದೆ ಎದ್ದು ಹೋದರು.

"ಬದುಕಿದೀನಿ ಅಂತ ಒಂದು ಮಾತು ಹೇಳೋದಲ್ವೇನೋ?" ಅಂತ ನಾನು ಕೇಳಿದೆ.

"ಹೆಂಗ್ ಹೇಳ್ಲಿ ಅಕ್ಕ," ಅಂದ. "ನನ್ನ ಬಗ್ಗೆ ಇಷ್ಟು ಛಲೋ ಮಾತು ಯಾರೂ ಆಡಿರಲಿಲ್ಲ. ನಡುವೆ ತಡೀಲಿಕ್ಕೆ ಮನಸ್ಸಾಗ್ಲಿಲ್ಲ."

ನಾನು ಡಚ್ಚಪ್ಪನಿಗೆ ಪಾಠ ಮಾಡಿದೆ. ಕೊರಳಿಗೆ ಹಾಕಿದರೆ ಬದುಕಿದ್ದಾರೆ, ಫೋಟೋಗೆ ಹಾಕಿದರೆ ಹೋಗಿದ್ದಾರೆ. ಅವನು ಮಗ್ಗಿ ಕಲಿಯುವ ಹುಡುಗನ ಹಾಗೆ ಎರಡು ಸಲ ಹೇಳಿಕೊಂಡ.

ಮೇಷ್ಟ್ರಿಗೆ ಪಂಚೆ

ದೀಪಾವಳಿಗೆ ಅಂತ ಡಚ್ಚಪ್ಪ ನನಗೆ ಉಡುಗೊರೆ ಕೊಟ್ಟಿದ್ದು ಅದೇ ಕೋಸಿನ ಹೆಡ್‌ಮಾಸ್ಟರ್ ಫೋಟೋ, ದೊಡ್ಡ ಚೌಕಟ್ಟು ಹಾಕಿಸಿ. ಅದನ್ನು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೆ. ಅಮ್ಮ ಬಂದು ವಾರ ಕಳೆದಿರಲಿಲ್ಲ, ನಾನು ಕೆಲಸದಿಂದ ಬರುವಷ್ಟರಲ್ಲಿ ಫೋಟೋ ಹಾಲಿನಲ್ಲಿ ಅಪ್ಪನ ಪಕ್ಕ ಕೂತಿತ್ತು. ಹೆಡ್‌ಮಾಸ್ಟರ್ ಸೊಂಟಕ್ಕೆ ನಮ್ಮ ಯಜಮಾನರ ಜರಿ ಪಂಚೆ, ಪಿನ್ ಹಾಕಿ ನೆರಿಗೆ ಹಿಡಿದಿತ್ತು. ಮೇಲೊಂದು ಶಲ್ಯ.

"ಯಾರೇ ಇವರು?" ಅಂದಳು.

"ಮೇಷ್ಟ್ರು ಅಮ್ಮ."

"ಹಾಗೇ ಅಂದ್ಕೊಂಡೆ. ಮುಖದಲ್ಲಿ ವಿದ್ಯೆ ಕಾಣತ್ತೆ. ಪಾಪ, ಇಂಥಾ ಚಳೀಲಿ ಯಾರೂ ಒಂದು ಬಟ್ಟೆ ಕೊಡಲಿಲ್ವೆ?"

ಭಾನುವಾರ ಊಟಕ್ಕೆ ಬಂದ ಡಚ್ಚಪ್ಪ ಅದರ ಮುಂದೆ ಬಹಳ ಹೊತ್ತು ನಿಂತ. ಬೇಜಾರಾಯಿತೇನೋ ಅಂತ, ಅಮ್ಮ ಅಂದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಯುರೋಪೆಲ್ಲ ಬೈದು ಸಾಕಾಯಿತು," ಅಂದ ಕೊನೆಗೆ, "ಈ ಮನುಷ್ಯನಿಗೆ ಚಳಿಯಾಗುತ್ತೆ ಅಂತ ಅಂದವಳು ಇವಳೊಬ್ಬಳೇ."

ಎರಡನೆಯವರು

ಅವನು ಅಮ್ಮನ ಹಿಂದೆ ಬಿದ್ದ. ಪ್ರತಿ ಭಾನುವಾರ ಬರುವುದು, ಹುಳಿಯನ್ನ ಸುರಿಯುವುದು, ಕ್ಯಾಮೆರಾ ತೆಗೆಯುವುದು. ಅಮ್ಮ ಬೆನ್ನು ತಿರುಗಿಸುವುದು. ಅರ್ಧ ಇಂಗ್ಲೆಂಡಿನ ಬಟ್ಟೆ ಬಿಚ್ಚಿಸಿದವನ ಕೈಯಲ್ಲಿ ನಮ್ಮಮ್ಮನ ಮುಖ ಈಚೆ ತಿರುಗಿಸಲು ಆಗಲಿಲ್ಲ. ಅವಳು ಹೊರಡುವ ದಿನ ಹತ್ತಿರ ಬಂದಹಾಗೆಲ್ಲ ನನಗೆ ಊಟ ಸೇರದಾಯಿತು. ಕೊನೆಯ ಭಾನುವಾರ ನಾನೇ ಬಾಯಿಬಿಟ್ಟೆ. "ನನಗೋಸ್ಕರ ಅಮ್ಮ. ಒಂದೇ ಒಂದು. ನಿನ್ನ ಮುಖ ನೋಡಬೇಕು ಅನ್ನಿಸಿದಾಗ ಏನು ನೋಡಲಿ ನಾನು?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಸರಿ. ಮೊದಲು ಅವನು ಕೂತ್ಕೊಳ್ಳಲಿ, ನಾನು ತೆಗೀತೀನಿ," ಅಂದಳು.

ಡಚ್ಚಪ್ಪ ತನ್ನ ಫೋಟೋವನ್ನು ಯಾರಿಗೂ ತೆಗೆಯಲು ಬಿಟ್ಟವನಲ್ಲ. ಬೆವರಿದ. ಆದರೂ ಕೂತ. ಅಮ್ಮ ಅವನ ಶರಟಿನ ಗುಂಡಿ ಕುತ್ತಿಗೆತನಕ ಹಾಕಿಸಿದಳು. ಬೋಳುತಲೆಗೆ ಕೊಬ್ಬರಿ ಎಣ್ಣೆ ಸವರಿ, ಹಣೆಗೆ ವಿಭೂತಿ, ನಡುವೆ ಕುಂಕುಮ ಇಟ್ಟಳು. "ಕೈ ಮಂಡಿ ಮೇಲೆ. ಬೆನ್ನು ನೆಟ್ಟಗೆ. ಹಲ್ಲು ಕಾಣಬಾರದು," ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳುವ ಮುಂಚೆಯೇ ಅವನು ಹಾಗೆ ಕೂತಿದ್ದ. ಬೆಳಕು ನೋಡಲು ಬಳಸುತ್ತಿದ್ದ, ಕೂಡಲೇ ಫೋಟೋ ಉಗುಳುವ ಪೋಲರಾಯ್ಡ್ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟೆ. ಕ್ಲಿಕ್ ಆಯಿತು.

"ಈಗ ನಿನ್ನ ಸರದಿ ಅಮ್ಮ."

"ನಂದೇನು?"

"ನೀನೇ ಅಂದೆಯಲ್ಲ, ಮೊದಲು ಅವನು ಅಂತ."

"ಮೊದಲು ಅವನು ಅಂದೆ. ಎರಡನೆಯವರು ಯಾರು ಅಂತ ಹೇಳಿದ್ನಾ?" ಅಂದು ಒಳಗೆ ಹೋಗಿ ಹಪ್ಪಳ ಕರಿಯತೊಡಗಿದಳು.

ಮೇಜಿನ ಮೇಲೆ ಫೋಟೋ ನಿಧಾನವಾಗಿ ಮೂಡಿತು. ಬಲಕ್ಕೆ ಪುರೋಹಿತರ ಹಾಗೆ ಡಚ್ಚಪ್ಪ. ಎಡಕ್ಕೆ, ಮೇಲಿಂದ ಕೆಳಗಿನವರೆಗೆ, ಗುಲಾಬಿ ಬಣ್ಣದ ಮಬ್ಬು ಕಂಬ, ಅದರ ನಡುವೆ ಹಳದಿ ಗೆರೆ. ಅಮ್ಮನ ಬೆರಳು ಲೆನ್ಸಿಗೆ ಅಡ್ಡ ಬಂದಿತ್ತು. ಹಳದಿ ಗೆರೆ ಅವಳ ಉಂಗುರ.

ನನಗೆ ಅಳುವೇ ಬಂತು. ಡಚ್ಚಪ್ಪ ಅದನ್ನು ಎತ್ತಿಕೊಂಡು, "ಇದು ನಿಮ್ಮಮ್ಮನ ಫೋಟೋ," ಅಂದ. "ಅವನ್ಯಾರೋ ಹಿಂದೆ ಸುಮ್ಮನೆ ಬಂದು ಕೂತಿದ್ದಾನೆ."

ವರ್ಷದ ಊಟ

ಅಮ್ಮ ಮೈಸೂರಿಗೆ ಹೋದಳು, ಮತ್ತೆ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ತೀರಿಕೊಂಡಳು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಖ ನೋಡುವುದು ಆಗಲೂ ನನ್ನ ಪಾಲಿಗೆ ಬರಲಿಲ್ಲ.

ವರ್ಷ ತುಂಬಿದಾಗ ಎಜ್‌ಬಾಸ್ಟನ್ ಮನೆಯಲ್ಲಿ ನಾಲ್ಕು ಜನರನ್ನು ಊಟಕ್ಕೆ ಕರೆದೆ. ಹೂವಿಡಲು ಫೋಟೋ ಬೇಕು. ಪಾಸ್‌ಪೋರ್ಟಿನ ಆ ಹೆದರಿದ ಹೆಂಗಸಿಗೆ ಹಾರ ಹಾಕಲು ನನಗೆ ಮನಸ್ಸಾಗಲಿಲ್ಲ. ಡಚ್ಚಪ್ಪ ಹಡರ್ಸ್‌ಫೀಲ್ಡಿನ ಹಳೇ ಗಿರಣಿಯೊಂದಕ್ಕೆ ಸ್ಟುಡಿಯೋ ಬದಲಾಯಿಸುವ ಮುಂಚೆ ಆ ಬೆರಳಿನ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಟ್ಟಿದ್ದ. ಅದನ್ನೇ ಅಪ್ಪನ ಪಕ್ಕ ಇಟ್ಟು ಮಲ್ಲಿಗೆ ಹಾರ ಹಾಕಿದೆ.

ಮೀನಿನ ಎಂಜಿನಿಯರ್ ಹೆಂಡತಿಯ ಜೊತೆ ಬಂದ, ಅವನಿಗೆ ಕಥೆ ಗೊತ್ತು. ಹೊಸದಾಗಿ ಬಂದವರಿಗೆ ಗೊತ್ತಿಲ್ಲ. ಹಿರಿಯರೊಬ್ಬರು ಫೋಟೋಗೆ ಹೂ ಹಾಕಿ, ಅದರಲ್ಲಿದ್ದ ಡಚ್ಚಪ್ಪನ ಮುಖಕ್ಕೆ ಕೈಮುಗಿದು, "ಏನು ಕಳೆ. ನಿಮ್ಮ ತಾಯಿಯ ಅಣ್ಣನೇನಮ್ಮ? ನಿಮಗೂ ಅದೇ ಮೂಗು," ಅಂದರು. ನಾನು ಪಾಯಸದ ಸೌಟು ಹಿಡಿದು ಬಡಿಸಲು ಹೊರಟೆ.

ಆಗ ಬೆಲ್ ಆಯಿತು. ಮೋಟರ್‌ವೇಯಲ್ಲಿ ಸಿಕ್ಕಿಕೊಂಡು ತಡವಾಗಿದ್ದ ಡಚ್ಚಪ್ಪ ತಲೆ ಬಗ್ಗಿಸಿ ಒಳಗೆ ಬಂದ, ಶೂ ಬಿಚ್ಚಿಟ್ಟ, ಹಿರಿಯರಿಗೆ ನಮಸ್ಕಾರ ಅಂದ. ಹಿರಿಯರು ಗೋಡೆ ನೋಡಿದರು, ಅವನನ್ನು ನೋಡಿದರು, ಹತ್ತಿರವಿದ್ದ ಕುರ್ಚಿ ಹಿಡಿದುಕೊಂಡರು. ಎಂಜಿನಿಯರ್ ಅವರ ಕಿವಿಯಲ್ಲಿ, "ಹೆದರಬ್ಯಾಡ್ರಿ, ನನಗೂ ಹಿಂಗ ಆಗಿತ್ತು," ಅಂದ.

ಡಚ್ಚಪ್ಪ ಫೋಟೋ ಕಂಡ. ಹಾರ ಸರಿಯಾಗಿ ಅವನ ಎದೆಯ ಮೇಲೆ ಬಿದ್ದಿತ್ತು. ತನ್ನ ಕೊರಳು ಮುಟ್ಟಿ ನೋಡಿಕೊಂಡ. "ಕೊರಳಿಗೆ ಹಾಕಿದರೆ ಬದುಕಿದ್ದಾರೆ, ಫೋಟೋಗೆ ಹಾಕಿದರೆ ಹೋಗಿದ್ದಾರೆ. ಫೋಟೋದ ಕೊರಳಿಗೆ ಹಾಕಿದರೆ?" ಅಂತ ನನ್ನನ್ನೇ ಕೇಳಿದ.

ಅಮ್ಮ ಹೋದಮೇಲೆ ನಾನು ಹಾಗೆ ನಕ್ಕಿರಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಹಾರವನ್ನು ಎಡಕ್ಕೆ ಎಳೆದು ಅಮ್ಮನ ಬೆರಳಿನ ಮೇಲೆ ಬೀಳುವ ಹಾಗೆ ಕಟ್ಟಿನ ಮೂಲೆಗೆ ಸಿಕ್ಕಿಸಿದೆ. ಜಾರಿ ಅವನ ಕೊರಳಿಗೇ ಬಂತು. ಮತ್ತೆ ಸಿಕ್ಕಿಸಿದೆ, ಮತ್ತೆ ಜಾರಿತು. ಡಚ್ಚಪ್ಪ ಹತ್ತಿರ ಬಂದು ತನ್ನ ಉದ್ದನೆಯ ಕೈಯಿಂದ ಹಿಡಿದು ನಿಲ್ಲಿಸಿದ. ಬಿಟ್ಟ ಕೂಡಲೇ ಹಾರ ಮತ್ತೆ ಅವನ ಕೊರಳಿಗೆ.

"ಬಿಡು," ಅಂದ, "ಅವಳು ಹಾಕಿಸಿಕೊಳ್ಳೋಲ್ಲ."