ಭಾವನವರ ಅಗ್ಗದ ಗ್ರೀಸು

ನನ್ನ ಭಾವನವರಿಗೆ ಅಕ್ಕನ ಮಂಡಿ ಸವೆದದ್ದಕ್ಕಿಂತ ರೈಲಿನ ಗಾಲಿ ಸವೆಯುವುದೇ ದೊಡ್ಡ ಚಿಂತೆ ಎಂದರೆ ನೀವು ನಂಬಲಿಕ್ಕಿಲ್ಲ. ಅಕ್ಕ ನಂಬುತ್ತಾಳೆ. "ನನಗೂ ಗಾಲಿ ಇದ್ದಿದ್ರೆ ನೋಡ್ಕೋತಿದ್ರೇನೋ" ಎನ್ನುತ್ತಾಳೆ.

ಭಾವ ಮೈಸೂರಿನವರು. ತಿರುವನಂತಪುರದ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ, ಮನೆ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದ ಹತ್ತಿರ. ನೆರೆಹೊರೆಯವರೆಲ್ಲ ರಾಕೆಟ್ಟಿನ ಮಾತಾಡಿದರೆ ಇವರದು ಜಿಡ್ಡಿನ ಮಾತು! ತಿರುವಿನಲ್ಲಿ ಗಾಲಿಯ ಅಂಚು ಹಳಿಯ ಒಳಮೈಗೆ ಉಜ್ಜಿ ಎರಡೂ ಸವೆಯುತ್ತವಂತೆ. ಆಗ ಕೇಳುವ ಕಿರುಚಾಟ ಅದರದೇ ಅಂತೆ. ದುಬಾರಿ ಗ್ರೀಸು ಯಾರು ಬೇಕಾದರೂ ಕೊಳ್ಳಬಹುದು, ಅಗ್ಗದ್ದನ್ನು ತಾವು ಮಾಡಿ ತೋರಿಸಬೇಕು ಎಂಬುದು ಭಾವನವರ ಹಟ.

ನಾನು ಕೊಚ್ಚಿಯಲ್ಲಿ ಬ್ಯಾಂಕ್ ನೌಕರ. ನನ್ನನ್ನು ನೋಡುವ ನೆಪ ಹೇಳಿ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಇಳಿಯುವ ಭಾವ ನನ್ನನ್ನೂ ಎಳೆದುಕೊಂಡು ಸಗಟು ಪೇಟೆಯಿರುವ ಮಟ್ಟಾಂಚೇರಿಯ ಬಸ್ಸು ಹತ್ತುತ್ತಾರೆ. ಒಮ್ಮೆ ಅಲ್ಲಿನ ಗೋದಾಮಿನಲ್ಲಿ ಒಳ್ಳೆಯ ತೆಂಗಿನೆಣ್ಣೆ ತೋರಿಸಿದ ವ್ಯಾಪಾರಿಗೆ, ಇದು ಬೇಡ, ಕಮಟು ಹಿಡಿದದ್ದು ಕೊಡಿ ಎಂದು ತಮ್ಮ ಮೈಸೂರು ಮಲಯಾಳದಲ್ಲಿ ಅಂಗಲಾಚಿದರು.

"ತಲೆಗೋ ಅಡುಗೆಗೋ, ಚೇಟ್ಟಾ?"

"ರೈಲಿಗೆ."

ವ್ಯಾಪಾರಿ ನನ್ನ ಮುಖ ನೋಡಿದ. ನಾನು ಮೆಣಸಿನ ಮೂಟೆ ನೋಡುತ್ತ ನಿಂತೆ.

ಇನ್ನೊಮ್ಮೆ ಅವರ ಮನೆಯ ಫ್ರಿಜ್ಜಿನಿಂದ ಬೆಣ್ಣೆ ತೆಗೆದು ದೋಸೆಗೆ ಹಾಕಿಕೊಂಡೆ. ಬೆಣ್ಣೆ ಇದ್ದದ್ದು ಪಕ್ಕದ ಡಬ್ಬಿಯಲ್ಲಿ! ಅಕ್ಕ ನೀರು ತರಲು ಓಡಿದಳು. ಭಾವ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. "ತಡಿಯಯ್ಯ, ಉಗೀಬೇಡ. ನಾಲಗೆಗೆ ಅಂಟ್ತಾ, ಜಾರ್ತಾ?"

"ಆ ನಾತಕ್ಕೆ ಹಳೀನೇ ಪಕ್ಕಕ್ಕೆ ಸರಿಯುತ್ತೆ ಬಿಡಿ" ಎಂದಳು ಅಕ್ಕ. ಇಷ್ಟು ವರ್ಷಗಳಲ್ಲಿ ಅವಳು ಆ ಗ್ರೀಸನ್ನು ಒಮ್ಮೆಯೂ ಹೊಗಳಿದವಳಲ್ಲ.

ಅಂತೂ ಭಾವ ನಿವೃತ್ತಿಯ ಹೊಸ್ತಿಲಲ್ಲಿದ್ದಾಗ, ಊರಾಚೆಯ ಒಂದೇ ಒಂದು ತಿರುವಿನಲ್ಲಿ ಹಚ್ಚಿ ನೋಡಲು ಅನುಮತಿ ಸಿಕ್ಕಿತು. ಹಚ್ಚಿದ ದಿನವೇ ತುಲಾಮಾಸದ ಮಳೆ ಹಿಡಿದುಕೊಂಡಿತು. ಮರುದಿನ ಬೆಳಿಗ್ಗೆ ಭಾವ ನಮ್ಮಿಬ್ಬರನ್ನೂ ಕರೆದೊಯ್ದು ಹಳಿಯ ಬೇಲಿಯಾಚೆಯ ದಿಬ್ಬದ ಮೇಲೆ ನಿಲ್ಲಿಸಿದರು. ಕಾರಣವಿತ್ತು. ಯಂತ್ರಗಳ ನಡುವೆ ದುಡಿದ ಅವರ ಕಿವಿಗೆ ಈಗ ಕೀರಲು ಶಬ್ದ ಬೀಳುವುದಿಲ್ಲ. ಕುಕ್ಕರ್ ಕೂಗಿದ್ದೂ ತಿಳಿಯುವುದಿಲ್ಲ. ಯಾವ ಕಿರುಚಾಟದ ಬೆನ್ನು ಹತ್ತಿ ಆಯುಷ್ಯ ಕಳೆದರೋ, ಅದು ನಿಂತಿತೋ ಇಲ್ಲವೋ ಎಂದು ನಾವು ಕೇಳಿ ಹೇಳಬೇಕಿತ್ತು. ಇದಕ್ಕೆ ನಗುವುದಾದರೂ ಹೇಗೆ?

ರೈಲು ಬಂತು. ತಿರುವಿಗೆ ಬಂದದ್ದೇ ಹಲ್ಲು ಜುಮ್ಮೆನ್ನುವಂತೆ ಕಿರುಚಿತು, ಕೊನೆಯ ಬೋಗಿ ದಾಟುವವರೆಗೂ ಕಿರುಚಿತು. ಮಳೆ ಎಲ್ಲವನ್ನೂ ತೊಳೆದುಬಿಟ್ಟಿತ್ತು.

ಭಾವ ಅಕ್ಕನ ಕಡೆ ತಿರುಗಿದರು. "ಏನೇ, ಕೇಳಿಸ್ತಾ?"

"ಇಲ್ಲಾರೀ, ಶಬ್ದಾನೇ ಇಲ್ಲ" ಎಂದಳು ಅಕ್ಕ. "ಒಳ್ಳೆ ಗ್ರೀಸು ಮಾಡಿದೀರ."

ಭಾವ ನನ್ನನ್ನು ನೋಡಿದರು. ನನ್ನ ಎರಡೂ ಕೈ ಇನ್ನೂ ಕಿವಿಯ ಮೇಲೇ ಇದ್ದವು.

ಅವರು ಒದ್ದೆ ಹಳಿಯನ್ನು ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲಿ ಅಕ್ಕ ದಿಬ್ಬ ಇಳಿಯಲು ಹೊರಟಿದ್ದಳು. "ಸುಮ್ನಿರಯ್ಯ" ಎಂದರು ಭಾವ ಮೆಲ್ಲಗೆ. "ನಿಮ್ಮಕ್ಕ ಹೊಗಳಿದ್ಲಲ್ಲ, ಸಾಕು."

ಆಮೇಲೆ ಬೇಗ ಬೇಗ ಮುಂದೆ ಹೋಗಿ ಅವಳ ಕೈ ಹಿಡಿದುಕೊಂಡರು. "ನಿಧಾನ ಕಣೇ, ಜಾರುತ್ತೆ. ಮಂಡಿ ಜೋಪಾನ."