ಅತ್ತೆಯ ಮನೆಯಲ್ಲಿ ಯಾವುದೂ ಕೆಡುವುದಿಲ್ಲ

ಗುಬ್ಬಿಯ ನನ್ನ ಸೋದರತ್ತೆಯ ಮನೆಯಲ್ಲಿ ವಯಸ್ಸಾಗುತ್ತಿದ್ದುದು ಮನುಷ್ಯರಿಗೆ ಮಾತ್ರ, ತರಕಾರಿಗಳಿಗಲ್ಲ! ಒಂದು ಟೊಮೇಟೊ ಕೊಳೆತರೆ ಸಾಕು, ಅತ್ತೆ ಆ ದಿನವೆಲ್ಲ ಸೂತಕದವರಂತೆ ಕೂತಿರುತ್ತಿದ್ದರು. ಕ್ಯಾರೆಟ್ಟು ಮಂಚದ ಕೆಳಗಿನ ಒದ್ದೆ ಮರಳಿನಲ್ಲಿ, ನಿಂಬೆಹಣ್ಣು ರಾಗಿ ಡಬ್ಬದಲ್ಲಿ, ಮಾವಿನಕಾಯಿ ಉಪ್ಪುನೀರಿನ ಜಾಡಿಯಲ್ಲಿ. ಬೂದುಗುಂಬಳಗಳು ಹಗ್ಗದ ನೆಲುವಿನಲ್ಲಿ ಜಂತೆಯಿಂದ ನೇತಾಡುತ್ತಿದ್ದವು. ಅವುಗಳ ಕೆಳಗೇ ನೆಂಟರ ಹಾಸಿಗೆ.

ನಾನೊಮ್ಮೆ ಅಲ್ಲಿ ಮಲಗಿ, ಮೇಲೆ ನೋಡಿ, "ಅತ್ತೆ, ಹಗ್ಗ ಕಿತ್ಕೊಂಡ್ರೆ?" ಎಂದೆ.

"ಕಾಯಿಗೇನೂ ಆಗಲ್ಲ ಬಿಡೋ. ಕೆಳಗೆ ನೀನಿರ್ತೀಯಲ್ಲ," ಎಂದರು.

ಮಾವನ ಪಾಡು ಇನ್ನೂ ಕಷ್ಟ. ಒಂದು ಸಲ ಪಾಪ, ನಿಂಬೆಹಣ್ಣಿದ್ದ ಡಬ್ಬದ ರಾಗಿಯನ್ನೇ ಚೀಲಕ್ಕೆ ಸುರಿದುಕೊಂಡು ಮಿಲ್ಲಿಗೆ ಹೊತ್ತುಬಿಟ್ಟರು. ಮಿಲ್ಲಿನವನು ಕಲ್ಲು ಉಜ್ಜುತ್ತಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆ ಹಿಟ್ಟನ್ನು ಅತ್ತೆ ಎಸೆದಾರೆಯೇ? ಒಣಗಿಸಿ, ಜರಡಿ ಹಿಡಿದು, ವಾರವೆಲ್ಲ ಹುಳಿ ಮುದ್ದೆ ಬಡಿಸಿದರು. "ಸಾರಿಗೆ ಹುಣಸೆಹಣ್ಣು ಉಳೀತು," ಎಂದು ಮಾವ ತಲೆ ಎತ್ತದೆ ನುಂಗಿದರು.

ಎಂಬತ್ತನೇ ಇಸವಿಯ ಆಚೀಚೆ ತುಮಕೂರಿನ ನಮ್ಮ ಪಕ್ಕದ ಮನೆಗೆ ಫ್ರಿಜ್ಜು ಬಂತು. ಬೀದಿಯೇ ನೋಡಲು ಹೋಯಿತು. ಅತ್ತೆಯೂ ಬಂದರು, ಒಳಗೆ ಕೈಯಿಟ್ಟು ಬದನೆಕಾಯಿಯ ಮೈ ಮುಟ್ಟಿ ನೋಡಿದರು.

"ಕರೆಂಟ್ ಹೋದ್ರೆ ಏನ್ಮಾಡ್ತೀರಿ?"

"ಬರೋವರ್ಗೂ ಕಾಯ್ತೀವಿ," ಎಂದರು ಪಕ್ಕದ ಮನೆಯಾಕೆ.

"ನಮ್ ಮರಳಿಗೆ ಕರೆಂಟ್ ಹೋಗಲ್ಲ," ಎಂದು ಅತ್ತೆ ಬಾಗಿಲು ಮುಚ್ಚಿ ಹೊರಟರು.

ಇಷ್ಟೆಲ್ಲ ಯಾಕೆ ಎಂದರೆ ಅವರದು ಒಂದೇ ಉತ್ತರ: "ಯಾರಾದ್ರೂ ಕೇಳ್ದಾಗ ಇಲ್ಲ ಅನ್ನಬಾರ್ದು ಕಣೋ." ಕಾರ್ತೀಕದಲ್ಲಿ ಮಾವಿನಕಾಯಿ ಕೇಳುವ ಮಹಾನುಭಾವರು ಯಾರಪ್ಪಾ ಎಂದು ನಾವು ನಗುತ್ತಿದ್ದೆವು.

ಕೇಳಿದವಳು ನನ್ನ ಹೆಂಡತಿ. ಚೊಚ್ಚಲ ಬಸುರಿ. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಕುಡಿದ ನೀರೂ ವಾಪಸು. ಕೈಬಳೆ ಮೊಳಕೈಗೆ ಜಾರುವಷ್ಟು ಸೊರಗಿದ್ದಳು. ಹೀಗೇ ಆದರೆ ಮಗುವಿಗೆ ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ನಗು ನಿಂತುಹೋಗಿತ್ತು. ಆಕೆ ಬಾಯಿಬಿಟ್ಟು ಕೇಳಿದ್ದು ಮಾವಿನಕಾಯಿ ಒಂದೇ. ತುಮಕೂರಿನ ಮಾರ್ಕೆಟ್ಟು ಸುತ್ತಿದೆ. ಕುಣಿಗಲ್ಲಿಗೂ ಹೋದೆ. "ಯುಗಾದಿಗೆ ಬನ್ನಿ ಸಾರ್, ಕೊಡ್ತೀನಿ," ಎಂದು ಅಲ್ಲೊಬ್ಬ ಹಲ್ಲು ಕಿರಿದ.

ಅತ್ತೆಯ ಜಾಡಿ ನನಗೆ ಹೊಳೆದೇ ಇರಲಿಲ್ಲ; ಸುದ್ದಿ ಯಾರು ಮುಟ್ಟಿಸಿದರೋ, ಮಾರನೆಯ ದಿನ ಗುಬ್ಬಿಯ ಬಸ್ಸಿನಿಂದ ಅತ್ತೆ ಇಳಿದರು. ಮಡಿಲಲ್ಲಿಟ್ಟುಕೊಂಡು ಬಂದ ಜಾಡಿಯನ್ನು ಕಂಡಕ್ಟರಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ. ಮೊಸರನ್ನ ಕಲಸಿ, ಉಪ್ಪುನೀರಿನ ಮಾವಿನಕಾಯಿಯ ಒಂದು ಹೋಳು ಇಟ್ಟು ಕೊಟ್ಟರು. ಹೆಂಡತಿ ತಿಂದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಾ ಕೂತೆವು. ಅನ್ನ ನಿಂತಿತು. ಸ್ವಲ್ಪ ಹೊತ್ತಿಗೆ, "ಇನ್ನೊಂದು ಚೂರು ಕೊಡ್ತೀರಾ?" ಎಂದಳು.

ಅತ್ತೆ ಅಡುಗೆಮನೆಗೆ ಹೋದವರು ಬೇಗ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಾನೂ ಒಂದ್ಸಲ ಹಿಂಗೇ ಕೇಳಿದ್ದೆ ಕಣೋ. ಕಾಲ ಮುಗ್ದಿತ್ತು, ಸಿಗಲಿಲ್ಲ. ಮಗೂನೂ ನಿಲ್ಲಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು ಡಾಕ್ಟ್ರು. ಇಲ್ದೇ ಇರಬಹುದು. ಆದ್ರೂ ಮನೇಲಿ ಇಟ್ಕೊಂಡಿದ್ರೆ ಒಳ್ಳೇದಲ್ವಾ?"

ಅತ್ತೆಗೆ ಮಕ್ಕಳಿಲ್ಲ ಎಂಬುದಷ್ಟೇ ನಮಗೆ ಗೊತ್ತಿತ್ತು.

ಆ ಬೇಸಗೆಯಲ್ಲಿ ಮಗಳು ಹುಟ್ಟಿದಳು. ಮೂರು ತಿಂಗಳಾದ ಮೇಲೆ ಅವಳನ್ನು ಗುಬ್ಬಿಗೆ ಕರೆದುಕೊಂಡು ಹೋದೆವು. ನೆಂಟರ ಹಾಸಿಗೆಯ ಮೇಲೆ ಮಲಗಿಸಲು ಬಗ್ಗಿದವನು ಅಭ್ಯಾಸಬಲದಿಂದ ಮೇಲೆ ನೋಡಿದೆ. ಜಂತೆ ಬೋಳಾಗಿತ್ತು. ಕುಂಬಳಕಾಯಿಗಳೆಲ್ಲ ಹಿತ್ತಿಲ ಬಿಸಿಲಿನಲ್ಲಿ ಬಿದ್ದಿದ್ದವು.

"ಅತ್ತೆ, ಅಲ್ಲಿ ಕೆಟ್ಟುಹೋಗಲ್ವಾ?" ಎಂದೆ.

ಅತ್ತೆ ನನ್ನತ್ತ ನೋಡಲೂ ಇಲ್ಲ. ಮಗುವಿನ ಮುಷ್ಟಿಗೆ ತಮ್ಮ ಬೆರಳು ಕೊಟ್ಟು, "ಕೆಟ್ರೆ ಕೆಡ್ಲಿ ಬಿಡೋ," ಎಂದರು.