ಬೆನ್ನಿಗೆ ಅಸ್ತರು ಹಾಕಿದ ಡಾಕ್ಟರರಿಗೆ

ದಾವಣಗೆರೆ, 1986

ಮಾನ್ಯರೂ ಶಸ್ತ್ರಚಿಕಿತ್ಸಾ ಪ್ರವೀಣರೂ ಆದ ಡಾಕ್ಟರ್ ವಾಮದೇವಪ್ಪನವರೇ,

ನಿಜಲಿಂಗಪ್ಪ ಬಡಾವಣೆಯ ದರ್ಜಿ ಖಾಜಾ ಹುಸೇನನ ಅನಂತ ಸಲಾಮುಗಳು. ಸಲಾಮಿಗೆ ಕೈ ಮೇಲೇಳದ ಕಾರಣ ಬಾಯಲ್ಲೇ ಹೇಳುತ್ತಿದ್ದೇನೆ, ಮಗಳು ನಸೀಮಾ ಬರೆದುಕೊಳ್ಳುತ್ತಿದ್ದಾಳೆ. ತಪ್ಪುಗಳಿದ್ದರೆ ಅವಳವು, ಹೊಗಳಿಕೆಯೆಲ್ಲ ನನ್ನದು.

ನರಗಳು ಒಂದೊಂದಾಗಿ ಸಾಯುತ್ತ ಕೈಕಾಲು ಸೊರಗುವ ಈ ಕಾಯಿಲೆಗೆ ಔಷಧವಿಲ್ಲವೆಂದು ಉಳಿದವರೆಲ್ಲ ಕೈಚೆಲ್ಲಿದಾಗ, ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ಎಳೆದು ತಂದು ಬೆನ್ನುಹುರಿಗೆ ಹೊದಿಸಿದರೆ ರಕ್ತ ಹರಿದು ನರಗಳು ಚೇತರಿಸಿಕೊಳ್ಳಬಹುದೆಂಬ ಹೊಸ ಪ್ರಯೋಗವನ್ನು ತಾವು ವಿವರಿಸಿದಿರಿ. ಕೋಟಿಗೆ ಒಳಪದರವಾಗಿ ಅಸ್ತರು ಹಾಕುತ್ತಲೇ ಬದುಕಿದ ನನಗೆ ಅದು ಎಷ್ಟು ಸರಿಯೆನಿಸಿತೆಂದರೆ, ಮರುಮಾತಾಡದೆ ತಮ್ಮ ಮೇಜಿನ ಮೇಲೆ ಮಲಗಿದೆ. ಹೊಲಿಗೆಯನ್ನು ಕನ್ನಡಿಯಲ್ಲಿ ನೋಡಿದ್ದೇನೆ. ನನ್ನ ಅಂಗಡಿಗೆ ಬಂದಿದ್ದರೆ ತಮಗೆ ಆ ಕ್ಷಣವೇ ಕೆಲಸ ಕೊಡುತ್ತಿದ್ದೆ.

ದೂರು ಸಣ್ಣದು. ನಮ್ಮ ಕಸುಬಿನಲ್ಲಿ ಕೋಟಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಕೈ ಎತ್ತಿ ನೋಡಿರೆಂದು ಕೇಳುತ್ತೇವೆ; ಕೈ ಏಳದಿದ್ದರೆ ಹೊಲಿಗೆ ಎಷ್ಟೇ ಚೆಂದವಿದ್ದರೂ ಬಿಚ್ಚುತ್ತೇವೆ. ತಾವು ಗಾಯ ಒಣಗಿದ್ದನ್ನು ನೋಡಿ, ಕೈ ಎತ್ತೆಂದು ಹೇಳದೆಯೇ, ವೈದ್ಯರ ಸಭೆಯಲ್ಲಿ ರೋಗಿ ಸುಧಾರಿಸಿದ್ದಾನೆಂದು ಸಾರಿದಿರಿ. ಅದು ನನ್ನ ಹೆಸರಿನೊಂದಿಗೆ ಪತ್ರಿಕೆಯಲ್ಲಿ ಬಂದದ್ದೇ ತಡ, ಗಿರಾಕಿಗಳು ರಂಜಾನಿನ ಬಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಾರೆ. ಆ ಸುಧಾರಿಸಿದ ಖಾಜಾ ಹುಸೇನ್ ತಮ್ಮಲ್ಲೇ ಉಳಿದಿದ್ದರೆ ದಯಮಾಡಿ ಹಬ್ಬದೊಳಗೆ ಅವನನ್ನು ನಮ್ಮ ಅಂಗಡಿಗೆ ಕಳುಹಿಸಿಕೊಡಬೇಕು.

ಇನ್ನು, ಹರಿಹರದ ಹಾಲೇಶಪ್ಪ ಮೇಷ್ಟ್ರಿಗೂ ಇದೇ ಕಾಯಿಲೆ. ನನ್ನ ಸುದ್ದಿ ಓದಿಯೇ ಅವರು ಬರುವ ಸೋಮವಾರ ತಮ್ಮಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರಿದ್ದಾರಂತೆ. ಅವರು ಇನ್ನೂ ಸೀಮೆಸುಣ್ಣ ಹಿಡಿಯುತ್ತಾರೆ. ತಮ್ಮ ಮೇಜಿನ ಮೇಲೆ ಮಲಗುವ ಮುಂಚೆ ನಾನೂ ಕತ್ತರಿ ಹಿಡಿಯುತ್ತಿದ್ದೆ. ಕಾಯಿಲೆ ನನ್ನ ಕೈಯನ್ನು ಒಯ್ದದ್ದು ತಮ್ಮ ತಪ್ಪಲ್ಲ, ಆದರೆ ಅದು ಒಯ್ದಿಲ್ಲವೆಂದು ತಾವು ಊರಿಗೆಲ್ಲ ಹೇಳಿದ್ದರಿಂದ ನನಗೆ ಬಹಳ ನೋವಾಗಿದೆ. ಮೇಷ್ಟ್ರು ಒಪ್ಪಲಿ, ಬಿಡಲಿ, ನಾನು ಹೇಗಿದ್ದೇನೆಂದು ತಿಳಿಸಿದ ಮೇಲೆ ಅವರ ಒಪ್ಪಿಗೆ ಕೇಳಿ.

ತಮ್ಮ ಹೊಲಿಗೆಯನ್ನು ಬೆನ್ನಲ್ಲಿ ಹೊತ್ತಿರುವ ವಿಶ್ವಾಸಿ,
ಖಾಜಾ ಹುಸೇನ್

ಮತ್ತೊಂದು ಮಾತು: ಪತ್ರ ಮುಗಿಯುವಷ್ಟರಲ್ಲಿ ಹಾಲೇಶಪ್ಪನವರೇ ಮನೆಗೆ ಬಂದು, ‘ಈಗ ಹೆಂಗೈತ್ರಿ ಸಾಬ್ರ, ನಾನೂ ಮಾಡಿಸ್ಕಳ್ಳೇನ್ರಿ?’ ಎಂದು ಕೇಳಿದರು. ತಮ್ಮ ಮೇಲಿನ ಗೌರವದಿಂದ ನಾನು ಒಂದು ಮಾತೂ ಆಡಲಿಲ್ಲ. ಅಷ್ಟರಲ್ಲಿ ಚಹಾ ಬಂತು. ನಸೀಮಾ ನನ್ನ ಕಪ್ಪಿನದನ್ನು ಬಸಿಗೆ ಸುರಿದು, ಆರಿಸಿ, ನನ್ನ ಬಾಯಿಗೆ ಹಿಡಿದಳು. ಮೇಷ್ಟ್ರು ತಮ್ಮ ಕಪ್ಪನ್ನು ಹಾಗೇ ಕೆಳಗಿಟ್ಟು ಎದ್ದುಹೋದರು. ಸೋಮವಾರ ತಮಗೆ ಬಿಡುವಿರಬಹುದು.